ಸೂರ್ಯನಿಂದ ಹೊರಟದ್ದು ದಾರಿಯಲ್ಲಿದೆ



ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಾಲ್ವ್ ರೇಡಿಯೊ ಇತ್ತು. ಮಧ್ಯಾಹ್ನದ ಊಟ ಮುಗಿಸಿ, ಎಲೆಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಇಟ್ಟುಕೊಂಡು, ಅಪ್ಪ ಶಾರ್ಟ್‌ವೇವ್ ಮುಳ್ಳನ್ನು ಮೆಲ್ಲಗೆ ತಿರುಗಿಸುತ್ತಾ ದೂರದ ಕೇಂದ್ರಗಳನ್ನು ಹುಡುಕುತ್ತಿದ್ದರು. ಚೆನ್ನಾಗಿ ಕೇಳುತ್ತಿದ್ದ ದನಿ ಕೆಲವು ದಿನ ಇದ್ದಕ್ಕಿದ್ದ ಹಾಗೆ ಅಡಗಿಬಿಡುತ್ತಿತ್ತು. ಪಕ್ಕದ ಕೇಂದ್ರವೂ ಇಲ್ಲ, ಅದರಾಚೆಯದೂ ಇಲ್ಲ. "ಏರಿಯಲ್ ತಂತಿ ಕಿತ್ತುಹೋಗಿದೆಯೋ ಏನೋ, ಮಾಳಿಗೆ ಹತ್ತಿ ನೋಡ್ಕೊಂಡು ಬಾರೋ" ಎಂದು ಅಪ್ಪ ನನ್ನನ್ನು ಅಟ್ಟುತ್ತಿದ್ದರು. ಬಿಸಿಲಿಗೆ ಕಾದ ಮಾಳಿಗೆಯ ಮೇಲೆ ಕಾಲು ಸುಟ್ಟುಕೊಂಡು ಹೋಗಿ ನೋಡಿದರೆ ತಂತಿ ನೆಟ್ಟಗೇ ಇರುತ್ತಿತ್ತು. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆದ ಮೇಲೆ ಕೇಂದ್ರ ತಾನಾಗಿಯೇ ಮರಳುತ್ತಿತ್ತು.

ಮುಂದೆ ಭೌತಶಾಸ್ತ್ರದ ಮೇಷ್ಟ್ರಾಗಿ ಪುಸ್ತಕ ತಿರುವಿದಾಗ ಇದಕ್ಕೆ ಒಂದು ಕಾರಣ ಸಿಕ್ಕಿತು. ದನಿ ಅಡಗಿದ ದಿನಗಳಲ್ಲಿ ಕೆಲವಾದರೂ ಸೂರ್ಯನ ಕೆಲಸವಾಗಿದ್ದಿರಬೇಕು. ಸೂರ್ಯನ ಮೇಲೆ ಜ್ವಾಲೆ ಭುಗಿಲೆದ್ದರೆ ಅದರ ಎಕ್ಸ್‌ ಕಿರಣಗಳು ಎಂಟು ನಿಮಿಷ ಚಿಲ್ಲರೆಯಲ್ಲಿ ಇಲ್ಲಿಗೆ ಮುಟ್ಟಿ, ನಮ್ಮ ಮೇಲಿನ ಅಯಾನುಗೋಲದ ಕೆಳಪದರವನ್ನು ದಟ್ಟ ಮಾಡುತ್ತವೆ. ಆ ಪದರ ಶಾರ್ಟ್‌ವೇವ್ ಅಲೆಗಳನ್ನು ಹೀರಿಬಿಡುತ್ತದೆ. ಹಗಲಿರುವ ಕಡೆ ಮಾತ್ರ ಹೀಗಾಗುತ್ತದೆ. ಅಪ್ಪ ರೇಡಿಯೊ ಮುಂದೆ ಕೂರುತ್ತಿದ್ದುದೂ ನಡುಹಗಲಿನಲ್ಲೇ.

ಆದರೆ ನಾನು ಇವತ್ತು ಮಾತಾಡಬೇಕೆಂದಿರುವುದು ಆ ಬೆಳಕಿನ ಬಗ್ಗೆ ಅಲ್ಲ. ಬೆಳಕಿನ ಹಿಂದೆ ನಿಧಾನವಾಗಿ ಹೊರಡುವ, ಎರಡು ಮೂರು ದಿನ ದಾರಿ ನಡೆದು ಬರುವ ಇನ್ನೊಂದರ ಬಗ್ಗೆ. ಮಿಂಚು ಬೇರೆ, ಮಳೆ ಬೇರೆ ಎಂದು ನಮಗೆಲ್ಲ ಗೊತ್ತು. ಸೂರ್ಯನ ಜ್ವಾಲೆ ಮಿಂಚಿದ್ದ ಹಾಗೆ, ಬರೀ ಬೆಳಕು. ಅದರ ಜೊತೆಗೆ, ಕೆಲವು ಸಲ ಅದಿಲ್ಲದೆಯೂ, ಸೂರ್ಯನ ಹೊರಗಿನ ಪ್ರಭಾವಲಯವಾದ ಕರೋನಾದಿಂದ ಒಂದು ದೊಡ್ಡ ತುಂಡು ಕಿತ್ತುಕೊಂಡು ಹೊರಗೆ ಚಿಮ್ಮುತ್ತದೆ. ಕರೋನಾ ದ್ರವ್ಯರಾಶಿ ಉತ್ಸರ್ಜನೆ ಎಂಬ ಉದ್ದನೆಯ ಹೆಸರು ಇದಕ್ಕಿದೆ. ವಿಜ್ಞಾನಿಗಳು ಚುಟುಕಾಗಿ ಸಿಎಂಇ ಅನ್ನುತ್ತಾರೆ. ನಾನು ಮೋಡ ಅನ್ನುತ್ತೇನೆ. ನೂರು ಕೋಟಿ ಟನ್ ತೂಕದ, ಕೆಲವು ಸಲ ಅದರ ಹತ್ತು ಪಟ್ಟಿನ, ವಿದ್ಯುದಾವೇಶದ ಅನಿಲದ ಮೋಡ. ಮೆಲ್ಲಗೆ ಹೊರಟರೆ ಸೆಕೆಂಡಿಗೆ ಇನ್ನೂರೈವತ್ತು ಮುನ್ನೂರು ಕಿಲೋಮೀಟರ್, ಜೋರಾಗಿ ಹೊರಟರೆ ಎರಡು ಸಾವಿರ, ಅಪರೂಪಕ್ಕೆ ಮೂರು ಸಾವಿರದ ಹತ್ತಿರ. ಎರಡು ಸಾವಿರದ ವೇಗವೆಂದರೆ ಬೀದರಿನಲ್ಲಿ ಹೊರಟದ್ದು ಒಂದು ರೆಪ್ಪೆ ಬಡಿಯುವುದರೊಳಗೆ ಬೆಂಗಳೂರು ದಾಟಿರುತ್ತದೆ. ಆ ವೇಗದಲ್ಲೂ ಭೂಮಿ ಮುಟ್ಟಲು ಮುಕ್ಕಾಲು ದಿನಕ್ಕೂ ಹೆಚ್ಚು ಬೇಕು. ನಡುವಿನ ದೂರ ಹದಿನೈದು ಕೋಟಿ ಕಿಲೋಮೀಟರ್.

ಅದು ಹೊರಡುವುದೇಕೆ? ಹಳ್ಳಿಯಲ್ಲಿ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ನಾರಿನ ಎಳೆಗೆ ಹುರಿ ಹಾಕುತ್ತಾ ಹೋಗಿ, ಹದ ಮೀರಿ ಇನ್ನೂ ನಾಲ್ಕು ಸುತ್ತು ತಿರುಚಿದರೆ ಹಗ್ಗ ನೆಟ್ಟಗೆ ನಿಲ್ಲದೆ ನಡುವೆ ಪಟ್ಟನೆ ಮಡಚಿ ಕುಣಿಕೆಯಾಗಿ ಏಳುತ್ತದೆ. ಸೂರ್ಯ ಕಲ್ಲಿನ ಗುಂಡಿನಂತೆ ಒಟ್ಟಾಗಿ ತಿರುಗುವುದಿಲ್ಲ. ಅದರ ನಡುಭಾಗ ಸುಮಾರು 25 ದಿನಕ್ಕೆ ಒಂದು ಸುತ್ತು ಮುಗಿಸಿದರೆ ಧ್ರುವಗಳ ಕಡೆಗೆ 35 ದಿನದ ಹತ್ತಿರ ಬೇಕಾಗುತ್ತದೆ. ಒಳಗಿನ ಅನಿಲ ಸದಾ ಕುದಿಯುತ್ತಿರುತ್ತದೆ. ಹೀಗೆ ಎಳೆದಾಡಿಸಿಕೊಂಡ ಕಾಂತರೇಖೆಗಳಿಗೆ ಹುರಿ ಏರುತ್ತಾ ಹೋಗುತ್ತದೆ. ಸೌರಕಲೆಗಳ ನೆತ್ತಿಯ ಮೇಲೆ ಹುರಿಗೊಂಡ ಈ ಕಾಂತದ ಹಗ್ಗ ಅನಿಲವನ್ನು ಹೊತ್ತು ದಿನಗಟ್ಟಲೆ ತೂಗಾಡುತ್ತಿರುತ್ತದೆ. ಮೇಲಿನ ರೇಖೆಗಳು ಅದನ್ನು ಅಮುಕಿ ಹಿಡಿದಿರುತ್ತವೆ. ಹಿಡಿತ ಸಡಿಲಿದ ಕ್ಷಣ ರೇಖೆಗಳು ಕಡಿದು, ಬೇರೆ ರೀತಿಯಲ್ಲಿ ಕೂಡಿಕೊಂಡು, ಹಗ್ಗ ಹೊತ್ತ ಅನಿಲದ ಸಮೇತ ಹಾರಿಹೋಗುತ್ತದೆ. ಇಂದು ಹಾರುತ್ತದೋ, ನಾಳೆಯೋ, ಹಾರದೇ ತಣ್ಣಗಾಗುತ್ತದೋ ಎಂದು ಮುಂಚಿತವಾಗಿ ಖಚಿತವಾಗಿ ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ.

ಸೂರ್ಯನಲ್ಲಿ ಒಂದು ಜ್ವಾಲೆ ಎದ್ದರೆ ಇಲ್ಲಿ ಏನೋ ಆಗುತ್ತದೆ ಎಂಬ ಸಂಬಂಧ ಮೊದಲು ಕಣ್ಣಿಗೆ ಬಿದ್ದದ್ದು 1859ರ ಸೆಪ್ಟೆಂಬರ್ 1ರಂದು. ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳ ವೀಕ್ಷಕರು ತಮ್ಮ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಪರದೆಯ ಮೇಲೆ ಬೀಳಿಸಿ, ಎಂದಿನಂತೆ ಕಲೆಗಳ ಚಿತ್ರ ಬರೆಯುತ್ತಿದ್ದರು. ಹನ್ನೊಂದೂ ಕಾಲು ದಾಟಿತ್ತು. ಒಂದು ದೊಡ್ಡ ಕಲೆಯ ಗುಂಪಿನ ಮೇಲೆ ಎರಡು ಕಡೆ ಕಣ್ಣು ಕೋರೈಸುವ ಬೆಳಕು ಮೂಡಿತು. ಇನ್ನೊಬ್ಬರಿಗೂ ತೋರಿಸೋಣವೆಂದು ಓಡಿ, ಒಂದು ನಿಮಿಷದೊಳಗೆ ಮರಳುವಷ್ಟರಲ್ಲಿ ಆ ಬೆಳಕು ಆಗಲೇ ಕುಗ್ಗಿತ್ತು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಅದೃಷ್ಟಕ್ಕೆ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬ ವೀಕ್ಷಕರೂ ಬೇರೆ ಊರಿನಲ್ಲಿ ಕುಳಿತು ಅದನ್ನೇ ಕಂಡಿದ್ದರು. ಹದಿನೇಳೂವರೆ ಗಂಟೆ ಕಳೆಯಿತು. ಭೂಮಿಯ ಕಾಂತಸೂಜಿಗಳು ಹುಚ್ಚೆದ್ದವು, ಕ್ಯೂಬಾದಂಥ ಬಿಸಿಲನಾಡಿನಲ್ಲೂ ಧ್ರುವಪ್ರಭೆ ಕಂಡಿತು. ಅಮೆರಿಕದಲ್ಲಿ ಬ್ಯಾಟರಿ ಕಳಚಿಟ್ಟ ಮೇಲೂ ಟೆಲಿಗ್ರಾಫ್ ತಂತಿಗಳಲ್ಲಿ ಸಂದೇಶ ಹರಿದವು.

ಈ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಮುಂಬಯಿಯ ಕೊಲಾಬದಲ್ಲಿ 1840ರ ದಶಕದಿಂದಲೂ ಭೂಮಿಯ ಕಾಂತಬಲವನ್ನು ಅಳೆಯುತ್ತಿದ್ದರು. ಯಂತ್ರ ತಾನಾಗಿ ಗೆರೆ ಎಳೆಯುವ ಕಾಲವಲ್ಲ ಅದು. ನೌಕರರು ಕಣ್ಣಿಟ್ಟು ನೋಡಿ, ಅಂಕಿಯನ್ನು ಕೈಯಲ್ಲಿ ಬರೆಯಬೇಕು. ಹಗಲೂ ರಾತ್ರಿ. 1859ರ ಆ ಕಾಂತದ ಬಿರುಗಾಳಿಯಲ್ಲೂ ಅವರು ಬರೆಯುವುದನ್ನು ಬಿಡಲಿಲ್ಲ. ನೂರಾ ನಲವತ್ತನಾಲ್ಕು ವರ್ಷ ಕಳೆದ ಮೇಲೆ, 2003ರಲ್ಲಿ, ವಿಜ್ಞಾನಿಗಳು ಆ ಹಳೆಯ ಪುಟಗಳನ್ನು ತೆಗೆದು ನೋಡಿದರು. ಕಾಂತಬಲ ಸುಮಾರು 1600 ನ್ಯಾನೊಟೆಸ್ಲಾ ಕುಸಿದಿತ್ತು. ಆ ಬಿರುಗಾಳಿ ಎಷ್ಟು ದೊಡ್ಡದೆಂದು ಇಂದು ಜಗತ್ತು ಅಂದಾಜು ಮಾಡುವುದರಲ್ಲಿ ಕೊಲಾಬದ ಈ ಪುಟಗಳಿಗೆ ಮುಖ್ಯ ಸ್ಥಾನವಿದೆ. ಬರೆದವರ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಅದು ನನಗೆ ನೋವಿನ ಸಂಗತಿ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದೆ ಎಂದಾದಾಗ ಅದರ ಕರೆಂಟಿನಿಂದ ಅಳತೆ ಕೆಡುತ್ತದೆಂದು ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗ್‌ಗೆ ಒಯ್ದರು. ನಾನಾಭಾಯ್ ಮೂಸ್ ಅದರ ಹೊಣೆ ಹೊತ್ತಿದ್ದರು. ಕಟ್ಟಡಕ್ಕೆ ಕಬ್ಬಿಣದ ಸೋಂಕಿಲ್ಲದ ಪೋರಬಂದರಿನ ಕಲ್ಲನ್ನೇ ತರಿಸಿದರು.

ಕ್ಯಾರಿಂಗ್ಟನ್ ಕಂಡದ್ದು ಮಿಂಚು ಮಾತ್ರ. ಮೋಡವನ್ನು ಕಾಣಲು ಮನುಷ್ಯ ಇನ್ನೂ ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಕರೋನಾದ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲು, ಬಿಂಬ ಪೂರ್ತಿ ಮರೆಯಾಗುವ ಗ್ರಹಣದಲ್ಲಷ್ಟೇ ಬರಿಗಣ್ಣಿಗೆ ಕಾಣುತ್ತದೆ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅಂಕೋಲ, ಗದಗ, ರಾಯಚೂರಿನ ಮೇಲೆ ಹಾದುಹೋಯಿತು. ವಿಜ್ಞಾನಿಗಳು ಪೆಟ್ಟಿಗೆಗಟ್ಟಲೆ ಉಪಕರಣ ಹೊತ್ತು ಬಂದು ಬಿಡಾರ ಹೂಡಿದ್ದರು. ನಮ್ಮ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು, ಬೀದಿಗಳು ಭಣಗುಟ್ಟಿದವು. ಹೊರಗೆ ನಿಂತವರಿಗೆ ಚಂದ್ರನ ಕಪ್ಪು ತಟ್ಟೆಯ ಸುತ್ತ ಮುತ್ತಿನ ಬಣ್ಣದ ಎಸಳುಗಳು ಎರಡೂವರೆ ನಿಮಿಷದ ಆಸುಪಾಸು ಕಂಡವು. ಅದೇ ಕರೋನಾ.

ಅಷ್ಟಕ್ಕಾಗಿ ವರ್ಷಗಟ್ಟಲೆ ಕಾಯುವುದು ಹೇಗೆ? 1930ರಲ್ಲಿ ಫ್ರಾನ್ಸಿನ ಬರ್ನಾರ್ ಲಿಯೊ ದೂರದರ್ಶಕದೊಳಗೇ ಒಂದು ತಟ್ಟೆಯಿಟ್ಟು ಬಿಂಬವನ್ನು ಮರೆಮಾಡುವ ಕರೋನಾಗ್ರಾಫನ್ನು ಕಟ್ಟಿದರು. ರಾತ್ರಿ ಎದುರಿಗೆ ಬರುವ ಲಾರಿಯ ಹೆಡ್‌ಲೈಟಿಗೆ ಅಂಗೈ ಅಡ್ಡ ಹಿಡಿದರೆ ಪಕ್ಕದಲ್ಲಿ ನಡೆಯುವವನು ಕಾಣುತ್ತಾನಲ್ಲ, ಅದೇ ಉಪಾಯ. ಆದರೆ ವಾತಾವರಣದ ಧೂಳು, ಮಂಜು ಬೆಳಕನ್ನು ಚದುರಿಸುತ್ತವೆ. ಅದರಾಚೆ ಹೋಗಿ ನೋಡಿದಾಗ, 1971ರ ಡಿಸೆಂಬರಿನಲ್ಲಿ, ಓಎಸ್‌ಓ-7 ಎಂಬ ಉಪಗ್ರಹಕ್ಕೆ ಸೂರ್ಯನಿಂದ ಕಳಚಿ ಹೋಗುತ್ತಿದ್ದ ಮೋಡ ಮೊದಲ ಬಾರಿಗೆ ಸಿಕ್ಕಿತು. 1995ರಲ್ಲಿ ಹಾರಿದ ಸೋಹೊ ನೌಕೆ ಸಾವಿರಾರು ಮೋಡಗಳನ್ನು ಕಂಡಿದೆ. ಕರೋನಾಗ್ರಾಫಿನಲ್ಲಿ ಮೋಡ ನಮ್ಮ ಕಡೆಗೇ ಹೊರಟಿದ್ದರೆ ಒಂದು ಪಕ್ಕಕ್ಕೆ ಉಬ್ಬುವುದಿಲ್ಲ, ಸೂರ್ಯನ ಸುತ್ತಲೂ ಉಂಗುರವಾಗಿ ಹಿಗ್ಗುತ್ತದೆ. ಕಾವಲಿರುವವರು ಮೈಯೆಲ್ಲ ಕಣ್ಣಾಗಿ ನೋಡುವುದು ಆ ಉಂಗುರವನ್ನೇ.

ಹೊರಟದ್ದು ಕಂಡಿತು. ಇನ್ನು ದಾರಿ. ಸೂರ್ಯನಿಗೂ ನಮಗೂ ನಡುವೆ ಬರೀ ಬಯಲು ಎಂದೇ ಬಹುಕಾಲ ನಂಬಿದ್ದರು. ಧೂಮಕೇತುಗಳ ಬಾಲ ಸದಾ ಸೂರ್ಯನಿಂದ ಆಚೆಗೇ ಬೀಸಿಕೊಂಡಿರುವುದನ್ನು ನೋಡಿ ಜರ್ಮನಿಯ ಲುಡ್ವಿಗ್ ಬಿಯರ್ಮನ್, ಅಲ್ಲಿ ಏನೋ ಸದಾ ಹರಿಯುತ್ತಿದೆ ಎಂದರು. 1958ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಪಾರ್ಕರ್ ಅದಕ್ಕೆ ಗಣಿತ ಕಟ್ಟಿ, ಕರೋನಾವೇ ನಿಲ್ಲದೆ ಹೊರಕ್ಕೆ ಹರಿಯುತ್ತಿರಲೇಬೇಕು ಎಂದು ಬರೆದರು. ಪರಿಶೀಲಿಸಿದ ಇಬ್ಬರೂ ಪಂಡಿತರು ಲೇಖನವನ್ನು ತಳ್ಳಿಹಾಕಿದರು. ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಿಚಾರ ಒಪ್ಪಿಗೆಯಾಗಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ತೋರಿಸಲು ಯಾರಿಂದಲೂ ಆಗಿಲ್ಲ ಎಂದು ಅಚ್ಚಿಗೆ ಕಳಿಸಿದರು. ತಾನು ಒಪ್ಪದ ಮಾತಿಗೂ ನ್ಯಾಯವಾಗಿ ಜಾಗ ಕೊಟ್ಟ ಆ ನಡತೆಯನ್ನು ನಾನು ಚಂದ್ರಶೇಖರರ ದೊಡ್ಡ ಕೆಲಸಗಳಲ್ಲೇ ಎಣಿಸುತ್ತೇನೆ. ಕೆಲವೇ ವರ್ಷಗಳಲ್ಲಿ ನೌಕೆಗಳು ಮೇಲೆ ಹೋಗಿ, ಸೆಕೆಂಡಿಗೆ ಸುಮಾರು ನಾನೂರು ಕಿಲೋಮೀಟರಿನ ಸೌರಮಾರುತ ಅಲ್ಲಿ ಬೀಸುತ್ತಿರುವುದನ್ನು ಅಳೆದವು. ಇಂದು ಪಾರ್ಕರ್ ಹೆಸರಿನ ನೌಕೆಯೇ ಸೂರ್ಯನ ಸುತ್ತ ಹಾರುತ್ತಿದೆ. 2024ರ ಡಿಸೆಂಬರ್ 24ರಂದು ಅದು ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿಲೋಮೀಟರಿನಷ್ಟು ಹತ್ತಿರ ಹೋಯಿತು.

ಮೋಡ ನಡೆಯುವುದು ಈ ಸೌರಮಾರುತದ ಹೊಳೆಯಲ್ಲಿ. ಹೊಳೆಗಿಂತ ಜೋರಾಗಿ ಹೊರಟ ಮೋಡವನ್ನು ಹೊಳೆ ತಡೆದು ನಿಧಾನ ಮಾಡುತ್ತದೆ. ಮೆಲ್ಲಗೆ ಹೊರಟದ್ದನ್ನು ನೂಕಿಕೊಂಡು ಒಯ್ಯುತ್ತದೆ. ಹಾಗಾಗಿ ಹೊರಡುವಾಗಿನ ವೇಗ ಹಿಡಿದು ಬರುವ ಹೊತ್ತು ಲೆಕ್ಕ ಹಾಕಿದರೆ ತಪ್ಪುತ್ತದೆ. ಇಂದಿನ ಒಳ್ಳೆಯ ಲೆಕ್ಕಗಳಲ್ಲೂ ಹತ್ತು ಗಂಟೆಯಷ್ಟು ಹಿಂದೆ ಮುಂದೆ ಆಗುವುದು ಸಾಮಾನ್ಯ. ಇದರ ಜೊತೆಗೆ ದಾರಿಯಲ್ಲಿ ಮುಂಚೆ ಯಾರು ಹೋಗಿದ್ದಾರೆ ಎಂಬುದೂ ಮುಖ್ಯ. ಜಾತ್ರೆಯ ಬೀದಿಯಲ್ಲಿ ದೊಡ್ಡ ತೇರು ಜನರನ್ನು ಸರಿಸಿ ಹೋದ ಮೇಲೆ ಹಿಂದಿನ ಚಿಕ್ಕ ತೇರು ಸರಾಗವಾಗಿ ಉರುಳುತ್ತದೆ. ಮೊದಲ ಮೋಡ ದಾರಿಯ ಅನಿಲವನ್ನು ಗುಡಿಸಿಬಿಟ್ಟಿದ್ದರೆ ಎರಡನೆಯದಕ್ಕೆ ತಡೆಯೇ ಇರುವುದಿಲ್ಲ. 1972ರ ಆಗಸ್ಟ್ 4ರಂದು ಹಾಗೆ ಹಸನಾದ ದಾರಿಯಲ್ಲಿ ಹೊರಟ ಒಂದು ಮೋಡ ಹದಿನಾಲ್ಕೂವರೆ ಗಂಟೆಯಲ್ಲಿ ಭೂಮಿ ಮುಟ್ಟಿತು. ಯುದ್ಧ ನಡೆಯುತ್ತಿದ್ದ ವಿಯೆಟ್ನಾಮಿನ ಕಡಲಲ್ಲಿ ಅಮೆರಿಕದವರು ಹುದುಗಿಸಿಟ್ಟಿದ್ದ ಕಾಂತ ಸಿಡಿಗುಂಡುಗಳು, ಯಾವ ಹಡಗೂ ಹತ್ತಿರ ಸುಳಿಯದೆ, ಒಂದರ ಹಿಂದೆ ಒಂದು ಸಿಡಿದವು. 2012ರ ಜುಲೈ 23ರ ಮೋಡವೂ ಇಂಥದೇ. ನಾಲ್ಕು ದಿನ ಮುಂಚೆ ಹೋದದ್ದು ಅದಕ್ಕೆ ದಾರಿ ಬಿಡಿಸಿತ್ತು. ನಮ್ಮ ಪುಣ್ಯ, ಅದು ಸೂರ್ಯನ ಬೇರೆ ಮಗ್ಗುಲಿನಿಂದ ಹೊರಟು, ಅಲ್ಲಿದ್ದ ಸ್ಟೀರಿಯೊ-ಎ ನೌಕೆಯ ಮೇಲೆ ಹಾದುಹೋಯಿತು. ಒಂದು ವಾರದಷ್ಟು ಮುಂಚೆ ಸಿಡಿದಿದ್ದರೆ ನಾವು ಅದರ ದಾರಿಯಲ್ಲಿರುತ್ತಿದ್ದೆವು.

ಈಗ, ದಾರಿಯಲ್ಲಿರುವ ಮೋಡಕ್ಕೆ ಕಿವಿಗೊಡಲು, ನಿಮ್ಮನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋಗಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ವೀಕ್ಷಣಾಲಯ ಅಲ್ಲಿದೆ. ಗುಮ್ಮಟ, ಗಾಜಿನ ಮಸೂರಗಳನ್ನು ಕಾಣಬಹುದೆಂದುಕೊಂಡು ಹೋದವರಿಗೆ ಅಲ್ಲಿ ಕಾಣುವುದು ಬಯಲು. ಬಯಲಿನಲ್ಲಿ ಸಾಲಾಗಿ ನೆಟ್ಟ ಕಂಬಗಳು, ಕಂಬದ ಮೇಲೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಕಡ್ಡಿಗಳು. ಹಿಂದೆ ನಮ್ಮ ಮನೆಗಳ ಮೇಲೆ ಇರುತ್ತಿದ್ದ ಟಿವಿ ಆಂಟೆನಾಗಳ ನೆಂಟರು. ಒಂದು ಸಾಲು ಪೂರ್ವ ಪಶ್ಚಿಮವಾಗಿ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ, ಅದರ ನಡುವಿನಿಂದ ದಕ್ಷಿಣಕ್ಕೆ ಇನ್ನೊಂದು. ಎರಡೂ ಒಟ್ಟಿಗೆ ಸೇರಿ 1997ರಿಂದ ಸೂರ್ಯನ ರೇಡಿಯೊ ಚಿತ್ರ ತೆಗೆಯುತ್ತಿವೆ. ಕೇಳುವುದು 40ರಿಂದ 120 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ. ನಿಮ್ಮ ಎಫ್‌ಎಂ ಕೇಂದ್ರಗಳ ನೆರೆಹೊರೆ ಅದು.

ನಾನು ಹೋದ ದಿನ ಅಲ್ಲಿನ ಎಂಜಿನಿಯರ್ ಒಬ್ಬರು ಕಂಪ್ಯೂಟರ್ ಪರದೆಯ ಮೇಲೆ ಒಂದು ಚಿತ್ರ ತೆರೆದಿಟ್ಟರು. ಎಡದಿಂದ ಬಲಕ್ಕೆ ಕಾಲ, ಮೇಲಿನಿಂದ ಕೆಳಕ್ಕೆ ಕಂಪನಾಂಕ. ನೀಲಿ ಹಿನ್ನೆಲೆಯ ಮೇಲೆ ಒಂದು ಹಳದಿ ಪಟ್ಟೆ ಎಡಮೇಲಿನಿಂದ ಬಲಕ್ಕೆ ಓರೆಯಾಗಿ ಇಳಿದಿತ್ತು. ಅದರ ಮೇಲೆ, ಎರಡರಷ್ಟು ಕಂಪನಾಂಕದಲ್ಲಿ, ಅಂಥದೇ ಇನ್ನೊಂದು ಪಟ್ಟೆ ಜೊತೆಯಲ್ಲೇ ಇಳಿದಿತ್ತು. ಮೊದಲನೆಯದರ ಮೇಲಿನ ಸ್ಥಾಯಿ ಎನ್ನಬಹುದು. "ಮೇಷ್ಟ್ರೇ, ಈ ಪಟ್ಟೆ ಎಷ್ಟು ಓರೆ ಇದೆ ನೋಡಿ. ಮೋಡದ ವೇಗ ಇದರಲ್ಲೇ ಇದೆ" ಎಂದರು ಅವರು.

ಅದು ಹೇಗೆ ಎಂದು ಹೇಳುತ್ತೇನೆ. ಜೋರಾಗಿ ಹೊರಟ ಮೋಡ ತನ್ನ ಮುಂದೆ ಒಂದು ಆಘಾತದ ಅಲೆಯನ್ನು ನೂಕಿಕೊಂಡು ಹೋಗುತ್ತದೆ. ಆ ಅಲೆ ಹಾದಲ್ಲೆಲ್ಲ ಅಲ್ಲಿನ ಎಲೆಕ್ಟ್ರಾನುಗಳು ತಮ್ಮದೇ ಒಂದು ಶ್ರುತಿಯಲ್ಲಿ ನಡುಗಿ ರೇಡಿಯೊ ಅಲೆ ಹೊರಡಿಸುತ್ತವೆ. ಶ್ರುತಿ ಯಾವುದೆಂಬುದು ಅಲ್ಲಿ ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆ ಎಂಬುದನ್ನು ಅವಲಂಬಿಸಿದೆ. ದಟ್ಟಣೆ ಕಾಲು ಪಾಲಾದರೆ ಕಂಪನಾಂಕ ಅರ್ಧವಾಗುತ್ತದೆ. ಸೂರ್ಯನಿಂದ ಮೇಲೆ ಮೇಲೆ ಹೋದಂತೆ ಅನಿಲ ತೆಳುವಾಗುತ್ತದೆ, ಶ್ರುತಿ ಇಳಿಯುತ್ತದೆ. ನಾದಸ್ವರದವರು ಮೇಲಿನ ಷಡ್ಜದಿಂದ ಎಲ್ಲೂ ಕಡಿಯದೆ ಕೆಳಕ್ಕೆ ಜಾರುವ ಹಾಗೆ. ಬೇಗ ಜಾರಿದರೆ ಮೋಡದ ಓಟ ಜೋರು, ನಿಧಾನವಾಗಿ ಜಾರಿದರೆ ಓಟವೂ ನಿಧಾನ. 1947ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ರೂಬಿ ಪೇನ್-ಸ್ಕಾಟ್ ಎಂಬ ಮಹಿಳಾ ವಿಜ್ಞಾನಿಯೂ ಅವರ ಸಂಗಡಿಗರೂ ಇದನ್ನು ಮೊದಲು ಗುರುತಿಸಿದರು. ಸೂರ್ಯನ ಒಂದು ಅಬ್ಬರ ಮೊದಲು 200 ಮೆಗಾಹರ್ಟ್ಸ್‌ನಲ್ಲಿ ಕೇಳಿತು, ನಿಮಿಷಗಳ ತರುವಾಯ 100ರಲ್ಲಿ, ಇನ್ನೂ ತಡವಾಗಿ 60ರಲ್ಲಿ. ಏನೋ ಒಂದು ಸೂರ್ಯನಿಂದ ಮೇಲಕ್ಕೆ ಏರುತ್ತಿದೆ ಎಂದು ಅವರು ಆಗಲೇ ಊಹಿಸಿದರು. ಮೋಡ ಕಣ್ಣಿಗೆ ಬಿದ್ದದ್ದು ಅದಾದ ಇಪ್ಪತ್ತನಾಲ್ಕು ವರ್ಷಕ್ಕೆ.

ಈ ಜಾರುದನಿ ಹತ್ತು ಹದಿನೈದು ಮೆಗಾಹರ್ಟ್ಸ್‌ಗಿಂತ ಕೆಳಗಿಳಿದರೆ ನೆಲದ ಮೇಲಿರುವ ನಮಗೆ ಕೇಳುವುದಿಲ್ಲ. ನಮ್ಮ ಅಯಾನುಗೋಲ ಅದನ್ನು ಒಳಗೆ ಬಿಡುವುದಿಲ್ಲ. ಅಲ್ಲಿಂದ ಮುಂದೆ ವಿಂಡ್ ಎಂಬ ನೌಕೆ 1994ರಿಂದ ಕಿವಿಗೊಟ್ಟಿದೆ. ಮೋಡ ಭೂಮಿಯ ಬಳಿ ಬರುವ ಹೊತ್ತಿಗೆ ಶ್ರುತಿ ಇಪ್ಪತ್ತು ಕಿಲೋಹರ್ಟ್ಸ್‌ನ ಆಸುಪಾಸಿಗೆ ಇಳಿದಿರುತ್ತದೆ. ಹದಿನೈದು ಕೋಟಿ ಕಿಲೋಮೀಟರಿನ ಒಂದೇ ಜಾರು. ಎಲ್ಲ ಮೋಡಗಳೂ ಹಾಡುವುದಿಲ್ಲ. ಹಾಡುವವೂ ನಡುನಡುವೆ ದನಿ ಬಿಟ್ಟು ಬಿಟ್ಟು ಹಾಡುತ್ತವೆ.

ನಡುದಾರಿಯಲ್ಲಿ ಮೋಡವನ್ನು ಹಿಡಿಯುವ ಇನ್ನೊಂದು ಉಪಾಯ ನೀಲಗಿರಿಯ ಊಟಿಯಲ್ಲಿದೆ. ನಮ್ಮ ಗಾಳಿಯ ಮೂಲಕ ನೋಡಿದಾಗ ನಕ್ಷತ್ರ ಮಿನುಗುವಂತೆ, ಸೌರಮಾರುತದ ಮೂಲಕ ಬರುವ ಕ್ವೇಸಾರು ಎಂಬ ಬಹುದೂರದ ಆಕಾಶಕಾಯಗಳ ರೇಡಿಯೊ ಬೆಳಕೂ ಮಿನುಗುತ್ತದೆ. ಮೋಡವೊಂದು ಅಡ್ಡ ಹಾದರೆ ಮಿನುಗು ಹೆಚ್ಚುತ್ತದೆ. ರೇಡಿಯೊ ಖಗೋಳ ವಿಜ್ಞಾನಿ ಗೋವಿಂದ್ ಸ್ವರೂಪ್ ಅವರು 1970ರಲ್ಲಿ ಅಲ್ಲಿನ ಬೆಟ್ಟದ ಇಳಿಜಾರಿನ ಮೇಲೇ 530 ಮೀಟರ್ ಉದ್ದದ ದೂರದರ್ಶಕ ಕಟ್ಟಿಸಿದ್ದರು. ಊರಿನ ಅಕ್ಷಾಂಶಕ್ಕೆ ಸರಿಹೊಂದುವ ಇಳಿಜಾರನ್ನು ಹುಡುಕಿ ಆರಿಸಿದ್ದರಿಂದ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮನಾಗಿ ನಿಂತಿತು. ಆ ದೂರದರ್ಶಕದಿಂದ ಎಷ್ಟೋ ಮೋಡಗಳನ್ನು ನಡುದಾರಿಯಲ್ಲಿ ಹಿಂಬಾಲಿಸಿದ್ದಾರೆ.

ಇಷ್ಟೆಲ್ಲ ಇದ್ದೂ ಮುಖ್ಯವಾದ ಒಂದು ಸಂಗತಿ ದಾರಿಯುದ್ದಕ್ಕೂ ನಮ್ಮಿಂದ ಮರೆಯಾಗಿಯೇ ಉಳಿಯುತ್ತದೆ. ಮೋಡದೊಳಗೆ ಆ ಹುರಿಗೊಂಡ ಕಾಂತದ ಹಗ್ಗವಿದೆ ಎಂದೆನಲ್ಲ, ಅದರ ದಿಕ್ಕು. ನಮ್ಮ ಭೂಮಿಯ ಕಾಂತಕ್ಷೇತ್ರ ಸೂರ್ಯನ ಕಡೆಯ ಮುಖದಲ್ಲಿ ಉತ್ತರಕ್ಕೆ ತಿರುಗಿರುತ್ತದೆ. ಬಂದ ಮೋಡದ ಕಾಂತಕ್ಷೇತ್ರವೂ ಉತ್ತರಮುಖಿಯಾಗಿದ್ದರೆ ಬಹುಮಟ್ಟಿಗೆ ಬದಿಯಿಂದ ಸರಿದುಹೋಗುತ್ತದೆ. ದಕ್ಷಿಣಮುಖಿಯಾಗಿದ್ದರೆ ಎರಡರ ರೇಖೆಗಳೂ ಬೆಸೆದುಕೊಂಡು ತಲೆಬಾಗಿಲೇ ತೆರೆದಂತಾಗುತ್ತದೆ, ಮೋಡದ ಶಕ್ತಿ ಒಳಕ್ಕೆ ಸುರಿಯುತ್ತದೆ. ಅದೇ ತೂಕ, ಅದೇ ವೇಗದ ಎರಡು ಮೋಡಗಳಲ್ಲಿ ಒಂದು ಬಂದದ್ದೇ ತಿಳಿಯದೆ ಹೋಗಬಹುದು, ಇನ್ನೊಂದು ಊರಿಗೆ ಊರನ್ನೇ ಕತ್ತಲಲ್ಲಿಡಬಹುದು. 1989ರ ಮಾರ್ಚ್ 13ರಂದು ಕೆನಡದ ಕ್ವಿಬೆಕ್ ಪ್ರಾಂತದ ವಿದ್ಯುಜ್ಜಾಲ ಒಂದೂವರೆ ನಿಮಿಷದಲ್ಲಿ ಕುಸಿದುಬಿದ್ದು, 60 ಲಕ್ಷ ಜನ ಕಡು ಚಳಿಯಲ್ಲಿ ಸುಮಾರು ಒಂಬತ್ತು ಗಂಟೆ ವಿದ್ಯುತ್ತಿಲ್ಲದೆ ಇದ್ದರು. ಆ ದಿಕ್ಕನ್ನು ದೂರದಿಂದ ನೋಡಿ ತಿಳಿಯಲು ಇಂದಿಗೂ ನೆಚ್ಚಬಹುದಾದ ದಾರಿಯಿಲ್ಲ. ಮೋಡದೊಳಗೆ ಒಂದು ಕಾಂತಮಾಪಕವನ್ನು ಅದ್ದಲೇಬೇಕು.

ಅದಕ್ಕೇ ಎಲ್1 ಬಿಂದುವಿನ ಕಾವಲು. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಜಾಗ ಅದು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟ ನಮ್ಮ ಆದಿತ್ಯ-ಎಲ್1, 2024ರ ಜನವರಿ 6ರಂದು ಅಲ್ಲಿನ ಕಕ್ಷೆ ಸೇರಿತು. ಅದರ ಏಳು ಉಪಕರಣಗಳಲ್ಲಿ ದೊಡ್ಡದಾದ ಕರೋನಾಗ್ರಾಫ್ ವಿಇಎಲ್‌ಸಿ ಜೋಡಣೆಯಾದದ್ದು ನಮ್ಮ ಹೊಸಕೋಟೆಯಲ್ಲಿ. ಅದರೊಳಗಿನ ಒಂದು ಕನ್ನಡಿಗೆ ನಡುವೆ ತೂತಿದೆ. ಬಿಂಬದ ಬೆಳಕು ಆ ತೂತಿನಿಂದ ಹೊರಗೆ ಹೋಗಿಬಿಡುತ್ತದೆ, ಸುತ್ತಲಿನ ಮಂದ ಬೆಳಕು ಮಾತ್ರ ಕನ್ನಡಿಯಲ್ಲಿ ಉಳಿಯುತ್ತದೆ. ಸೂರ್ಯನ ಅಂಚಿನ ತೀರ ಹತ್ತಿರ, ಮೋಡ ಕಣ್ಣು ಬಿಡುವ ಜಾಗವನ್ನೇ ಅದು ನೋಡುತ್ತದೆ. 2024ರ ಜುಲೈ 16ರಂದು ಹೊರಟ ಒಂದು ಮೋಡದ ಮುಹೂರ್ತವನ್ನು ವಿಇಎಲ್‌ಸಿ ಗುಂಪಿನವರು ನಿಮಿಷದ ಲೆಕ್ಕದಲ್ಲಿ ಗುರುತಿಸಿದರು. ನಮ್ಮ ಗಡಿಯಾರದಲ್ಲಿ ಆಗ ಸಂಜೆ 6 ಗಂಟೆ 48 ನಿಮಿಷ. ಬೆಂಗಳೂರಿನಲ್ಲಿ ಮಾಡಿದ ಕಾಂತಮಾಪಕವೂ ಅದೇ ನೌಕೆಯ ಚಾಚುಗೋಲಿನ ಮೇಲೆ ಕುಳಿತು, ಬರುವ ಕಾಂತಕ್ಷೇತ್ರ ಉತ್ತರಮುಖಿಯೋ ದಕ್ಷಿಣಮುಖಿಯೋ ಎಂದು ನೋಡುತ್ತಿದೆ.

ಆದರೆ ಒಂದು ಲೆಕ್ಕ ಹಾಕಿ. ಸೆಕೆಂಡಿಗೆ 500 ಕಿಲೋಮೀಟರಿನ ಮೋಡ ಎಲ್1ರಿಂದ ಭೂಮಿಗೆ ಬರಲು 50 ನಿಮಿಷ. ಸಾವಿರದ ವೇಗವಿದ್ದರೆ 25. ಎರಡು ಸಾವಿರವಿದ್ದರೆ ಹನ್ನೆರಡೂವರೆ ನಿಮಿಷ, ಒಂದು ಕುಕ್ಕರ್ ಅನ್ನ ಇಳಿಸುವಷ್ಟು ಹೊತ್ತು. ಅತಿ ಕೆಟ್ಟ ಮೋಡಕ್ಕೇ ಅತಿ ಕಡಿಮೆ ಮುನ್ಸೂಚನೆ. ನಡುವಿನ ಕುರುಡುದಾರಿಗೆ ಬೆಳಕು ಹಿಡಿಯುವ ಕೆಲಸ ಈ ವಿಜ್ಞಾನದಲ್ಲಿ ಇನ್ನೂ ದೊಡ್ಡದಾಗಿ ಉಳಿದಿದೆ. 2025ರ ಮಾರ್ಚಿನಲ್ಲಿ ಅಮೆರಿಕ ಹಾರಿಸಿದ ಪಂಚ್ ಎಂಬ ನಾಲ್ಕು ಉಪಗ್ರಹಗಳು ಆ ದಾರಿಯ ಚಿತ್ರ ತೆಗೆಯಲೆಂದೇ ಹೋಗಿವೆ. ಯುರೋಪಿನವರು ಸೂರ್ಯನನ್ನು ಪಕ್ಕದಿಂದ ನೋಡುವ ವಿಜಿಲ್ ನೌಕೆಯನ್ನು ಸಿದ್ಧಪಡಿಸುತ್ತಿದ್ದಾರೆ. ಭಾರತವೂ ಆದಿತ್ಯ-ಎಲ್1ಕ್ಕೆ ನಿಲ್ಲದೆ, ಅಂಥ ಪಕ್ಕದ ಜಾಗಕ್ಕೆ ತನ್ನದೇ ಒಂದು ಕಣ್ಣನ್ನು ಕಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ವಿಬೆಕ್ ದೂರ, ನಾವು ಭೂಮಧ್ಯರೇಖೆಯ ಹತ್ತಿರದವರು, ನಮಗೇನು ಎನ್ನುವವರಿದ್ದಾರೆ. ನಮ್ಮ ವಿದ್ಯುತ್ ತಂತಿಗಳಿಗೆ ಅಪಾಯ ಕಡಿಮೆ, ನಿಜ. ಉಪಗ್ರಹಗಳಿಗೆ ಮಾತ್ರ ಅಕ್ಷಾಂಶದ ರಕ್ಷಣೆ ಇಲ್ಲ. 2022ರ ಫೆಬ್ರವರಿಯಲ್ಲಿ ಒಂದು ಸಾಧಾರಣ ಬಿರುಗಾಳಿಗೇ ಮೇಲಿನ ವಾತಾವರಣ ಉಬ್ಬಿ, ಆಗತಾನೆ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಮುಕ್ಕಾಲು ಪಾಲು ಕೆಳಗೆ ಬಿದ್ದು ಉರಿದುಹೋದವು. 2024ರ ಮೇ 10 ಮತ್ತು 11ರಂದು ಒಂದೇ ಕಲೆಯ ಗುಂಪಿನಿಂದ ಸಾಲಾಗಿ ಹೊರಟ ಮೋಡಗಳು ದಾರಿಯಲ್ಲಿ ಒಂದನ್ನೊಂದು ಕೂಡಿಕೊಂಡು ಬಂದು ಅಪ್ಪಳಿಸಿದವು. 2003ರ ಬಳಿಕ ಅಷ್ಟು ದೊಡ್ಡ ಬಿರುಗಾಳಿ ಬಂದಿರಲಿಲ್ಲ. ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರುಗಳು ಬಿತ್ತನೆಯ ನಡುವೆ ನಿಂತವು. ಹಾಸನದ ಇಸ್ರೊ ನಿಯಂತ್ರಣ ಕೇಂದ್ರದವರು ನಮ್ಮ ಸಂಪರ್ಕ ಉಪಗ್ರಹಗಳ ಮೇಲೆ ಕಣ್ಣಿಟ್ಟು ಕಾದರು. ಲಡಾಖಿನ ಹಾನ್ಲೆಯಲ್ಲಿ ಖಭೌತ ಸಂಸ್ಥೆಯ ಕ್ಯಾಮೆರಾಗಳಿಗೆ ಆಕಾಶದ ಉತ್ತರದಂಚು ಕುಂಕುಮ ಚೆಲ್ಲಿದಂತೆ ಕೆಂಪಾಗಿ ಕಂಡಿತು. ಆ ಬಿರುಗಾಳಿಯಲ್ಲಿ ಭೂಕಾಂತಬಲದ ಜಾಗತಿಕ ಸೂಚ್ಯಂಕ ಕುಸಿದದ್ದು ಸುಮಾರು 400 ನ್ಯಾನೊಟೆಸ್ಲಾ. ಕೊಲಾಬದ 1600 ಒಂದೇ ತಾಣದ ಅಳತೆ, ಎರಡನ್ನೂ ನೇರವಾಗಿ ತೂಗಬಾರದು. ಆದರೂ 1859ರಂಥದು ಮತ್ತೆ ಬಂದರೆ ಎಂಬ ಪ್ರಶ್ನೆಯನ್ನು ಆ ಹಳೆಯ ಅಂಕಿ ನಮ್ಮ ಮುಂದೆ ಇಟ್ಟೇ ಇದೆ.

ಈಗ ಶಾಲೆ ಕಾಲೇಜಿನ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಆದಿತ್ಯ-ಎಲ್1 ಕಳಿಸಿದ ಮಾಹಿತಿಯನ್ನು ಇಸ್ರೊ ಎಲ್ಲರಿಗೂ ತೆರೆದಿಟ್ಟಿದೆ. ಕೊಡೈಕೆನಾಲ್ ವೀಕ್ಷಣಾಲಯ 1904ರಿಂದ ತೆಗೆಯುತ್ತಾ ಬಂದಿರುವ ಸೂರ್ಯನ ಚಿತ್ರಗಳನ್ನೂ ಖಭೌತ ಸಂಸ್ಥೆ ಕಂಪ್ಯೂಟರಿಗೆ ಏರಿಸಿದೆ. ಅವುಗಳನ್ನು ಮಕ್ಕಳಿಗೆ ತೋರಿಸಿ. ನಿಮ್ಮ ಶಾಲೆಯಲ್ಲಿ ಒಂದು ಸಣ್ಣ ದೂರದರ್ಶಕವಿದ್ದರೆ ಕ್ಯಾರಿಂಗ್ಟನ್ ಮಾಡಿದ ಹಾಗೆ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ. ದೂರದರ್ಶಕದೊಳಗೆ ಯಾರೂ ಕಣ್ಣಿಡದಂತೆ ನೀವು ಪಕ್ಕದಲ್ಲೇ ನಿಂತಿರಿ, ಒಂದು ಕ್ಷಣಕ್ಕೆ ಕಣ್ಣು ಹೋಗುತ್ತದೆ. ಹಾಳೆಯ ಮೇಲೆ ಬಿದ್ದ ಕಲೆಗಳನ್ನು ಮಕ್ಕಳ ಕೈಯಲ್ಲೇ ಪೆನ್ಸಿಲಿನಲ್ಲಿ ಗುರುತು ಮಾಡಿಸಿ. ಬಿಸಿಲಿರುವ ದಿನವೆಲ್ಲ ಮಾಡಿಸಿ. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು, ವೇಳೆ, ನೋಡಿದವರ ಹೆಸರು ಬರೆಯಿಸುವುದನ್ನು ಮಾತ್ರ ಮರೆಯಬೇಡಿ.